ಕೊಡಗಿನಲ್ಲಿ ಪೋರ್ಷೆ 718 ಕೇಮನ್ ಸಾಕಿದ ಲೆಕ್ಕ

ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಮ್ಮ ಕಡೆ ಎಲ್ಲರೂ ಮೊದಲು ಕೇಳೋದು ಮೈಲೇಜ್. ವಿರಾಜಪೇಟೆ ಪೆಟ್ರೋಲ್ ಬಂಕಿನಲ್ಲೂ ಅದೇ ಪ್ರಶ್ನೆ, ಮದುವೆ ಮನೆಯಲ್ಲೂ ಅದೇ. ಆದರೆ ನನ್ನ ಒಟ್ಟು ಖರ್ಚಿನಲ್ಲಿ ಪೆಟ್ರೋಲಿನದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ದುಡ್ಡು ಹೋಗೋದು ಬೆಲೆ ಇಳಿಯೋದರಲ್ಲಿ. ಅದನ್ನು ಹಿಡಿದು ನಿಲ್ಲಿಸಿದರೆ ಅರ್ಧ ಗೆದ್ದ ಹಾಗೆ.

2018ರ ಮಾಡೆಲ್ ಕೇಮನ್ ಅನ್ನು 2021ರ ಕೊನೆಯಲ್ಲಿ ಬೆಂಗಳೂರಿನಿಂದ ತಂದೆ, 62 ಲಕ್ಷಕ್ಕೆ. ಹೊರ ರಾಜ್ಯದ ಗಾಡಿಗಳು ಇದಕ್ಕಿಂತ ಕಡಿಮೆಗೆ ಸಿಗುತ್ತಿದ್ದವು, ಆದರೆ ನಾನು ಹುಡುಕಿದ್ದು ಕೆಎ ನಂಬರೇ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ 18%, ಅದರ ಮೇಲೆ ಸೆಸ್. ಅದನ್ನು ಮೊದಲ ಮಾಲೀಕರು ಕಟ್ಟಿಯಾಗಿತ್ತು. ಬೇರೆ ರಾಜ್ಯದ್ದು ತಂದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಗೊಂಡು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಲ್ಲಿಯ ತೆರಿಗೆ ವಾಪಸ್ ಬರಲಿ ಅಂತ ಕಾಯಬೇಕು. ಉಳಿದ ದುಡ್ಡೆಲ್ಲ ಅಲ್ಲೇ ಹೋಗುತ್ತೆ.

ಇನ್ನು ನಮ್ಮ ಊರಿನ ವಿಷಯ. ಈ ಕಾರಿನ ಎಂಜಿನ್ ಸೀಟಿನ ಹಿಂದೆ ಇದೆ, ರೇಡಿಯೇಟರ್ ಮಾತ್ರ ಮುಂದೆ, ಬಂಪರಿನ ಎರಡೂ ಬದಿಯ ಬಾಯಿಗಳ ಒಳಗೆ. ತೋಟದ ದಾರಿಯಲ್ಲಿ ಓಡಾಡಿದರೆ ಸಿಲ್ವರ್ ಮರದ ಎಲೆ ಸೀದಾ ಆ ಬಾಯಿಯೊಳಗೆ ಹೋಗಿ ಕೂರುತ್ತೆ. ಮಳೆ ಬಿದ್ದ ಮೇಲೆ ಅದು ಕೊಳೆತು ಕಪ್ಪು ಗೊಬ್ಬರದ ಹಾಗೆ ಆಗಿ ಅಲ್ಲೇ ಇರುವ ಎಸಿ ಕಂಡೆನ್ಸರಿಗೆ (ಎಸಿ ಗ್ಯಾಸ್ ತಂಪಾಗುವ ಭಾಗ) ಅಂಟಿಕೊಳ್ಳುತ್ತೆ, ತೇವ ಆರೋದೇ ಇಲ್ಲ, ಅಲ್ಯೂಮಿನಿಯಂ ತಿಂದು ಗ್ಯಾಸ್ ಲೀಕ್ ಶುರುವಾಗುತ್ತೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬಂಪರ್ ಬಿಚ್ಚಿಸಿ ಮೆತ್ತಗಿನ ಬ್ರಷ್‌ನಲ್ಲಿ ಕ್ಲೀನ್ ಮಾಡಿಸುತ್ತಿದ್ದೆ. ಆಮೇಲೆ ಒಳಗಡೆ ಸಣ್ಣ ಜಾಲರಿಯನ್ನೂ ಹಾಕಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಬೆಲೆ ಇದೆ ಅಂತ ಮಾರುವಾಗ ಗೊತ್ತಾಯಿತು.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕಾರು ವಾರಗಟ್ಟಲೆ ನಿಂತೇ ಇರುತ್ತೆ. ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತೆ, ಬ್ರೇಕ್ ಡಿಸ್ಕಿಗೆ ತುಕ್ಕು, ವೈರಿಗೆ ಇಲಿ. ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಟ್ಟರೂ ಕರೆಂಟೇ ಇರಲ್ಲ ಅಲ್ವಾ? ಬ್ಯಾಟರಿ ಇರೋದು ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆರೆಯೋಕೇ ಬ್ಯಾಟರಿಯ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಇಳಿದರೆ ಫ್ಯೂಸ್ ಬಾಕ್ಸಿನಲ್ಲಿರುವ ಟರ್ಮಿನಲ್ ಎಳೆದು ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ತೆರೆಯಬೇಕು. ಇಂಥ ಕಾರು ತಗೊಳ್ಳೋರು ಇದನ್ನು ಮೊದಲ ದಿನವೇ ಕಲಿತಿಟ್ಟುಕೊಳ್ಳಿ. ಸ್ಟೆಪ್ನಿಯೂ ಇಲ್ಲ. ಟೈರ್ ಒಡೆದರೆ ಫ್ಲಾಟ್‌ಬೆಡ್‌ನಲ್ಲಿ ಘಾಟಿ ಇಳಿಸಬೇಕು, ಸರ್ವಿಸಿಗೆ ಬೆಂಗಳೂರಿಗೇ ಹೋಗಬೇಕು. ಮುಂದಿನ ಟೈರಿನ ಅಗಲ 235 ಮಿ.ಮೀ., ಹಿಂದಿನದು 265, ಹಾಗಾಗಿ ಹಿಂದೆ ಮುಂದೆ ಬದಲಿಸೋಕೂ ಆಗಲ್ಲ.

ಲೆಕ್ಕ ಹೀಗಿದೆ. ವರ್ಷಕ್ಕೆ ಇನ್ಶೂರೆನ್ಸ್ 1.3 ಲಕ್ಷ, ಸರ್ವಿಸ್ ಮತ್ತು ಸಣ್ಣಪುಟ್ಟ ಕೆಲಸ ಸುಮಾರು 1 ಲಕ್ಷ, ಟೈರ್ ಹಂಚಿ ನೋಡಿದರೆ 45 ಸಾವಿರ, ಪೆಟ್ರೋಲ್ 50 ಸಾವಿರ. ಓಡಿದ್ದು ವರ್ಷಕ್ಕೆ 4,000 ಕಿಲೋಮೀಟರ್ ಆಸುಪಾಸು. ಬೆಲೆ ಇಳಿದದ್ದನ್ನೂ ಸೇರಿಸಿದರೆ ಕಿಲೋಮೀಟರಿಗೆ ಸುಮಾರು ₹145. ಜಾಸ್ತಿಯೇ. ಆದರೆ ಇದೇ ಕಾರನ್ನು ಹೊಸದಾಗಿ ತಗೊಂಡಿದ್ದರೆ ಮೊದಲ ಮೂರು ವರ್ಷದ ಇಳಿಕೆ, ಆ 18% ತೆರಿಗೆ ಎಲ್ಲ ನನ್ನ ತಲೆ ಮೇಲೆ ಬರುತ್ತಿತ್ತು.

ಇನ್ಶೂರೆನ್ಸ್‌ನಲ್ಲಿ ಒಂದು ಮಾತು. 5 ವರ್ಷ ದಾಟಿದ ಕಾರಿನ ಐಡಿವಿ (ಕಾರಿಗೆ ಇನ್ಶೂರೆನ್ಸ್‌ನಲ್ಲಿ ಕಟ್ಟುವ ಬೆಲೆ) ನಿಗದಿ ಆಗೋದು ನೀವು ಮತ್ತು ಕಂಪನಿ ಮಾತಾಡಿಕೊಂಡು. ಪ್ರೀಮಿಯಂ ಉಳಿಯುತ್ತೆ ಅಂತ ಅದನ್ನು ಇಳಿಸೋಕೆ ಒಪ್ಪಬೇಡಿ. ಮರ ಬಿದ್ದು ಕಾರು ಪೂರ್ತಿ ಹೋದರೆ ಕೈಗೆ ಸಿಗೋದು ಅಷ್ಟೇ, ನಮ್ಮ ಮಳೆಗಾಲದಲ್ಲಿ ಮರ ಬೀಳೋದು ಹೊಸದಲ್ಲ.

2025ರ ಕೊನೆಯಲ್ಲಿ ಮಾರಿದೆ. ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ಹೋಗಿ ಜಿಎಸ್‌ಟಿ ಸೀದಾ 40% ಆಗಿ, ಹೊಸ ಕಾರುಗಳ ಬೆಲೆ ಇಳಿದಿತ್ತು. ನೋಡಲು ಬಂದವರು ಅದನ್ನೇ ಹಿಡಿದು, "ಸರ್, ಹೊಸದೇ ಕಮ್ಮಿ ಆಗಿದೆ, ನೀವೂ ಇಳಿಸಿ" ಅಂದರು. "ಪೆಟ್ರೋಲ್ 718 ತಯಾರಿ ಅಕ್ಟೋಬರಿನಲ್ಲೇ ನಿಂತಿದೆ, ಹೊಸದು ಎಲ್ಲಿಂದ ತರ್ತೀರಿ?" ಅಂತ ಕೇಳಿದೆ. ಅವರ ಜೊತೆ ಬಂದ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ, ಕೆಳಗೆ ಕೂತು ಬಂಪರಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದ್ದು. ಎಲೆ ಇಲ್ಲ, ತುಕ್ಕಿಲ್ಲ. ಆಮೇಲೆ ಟೈರಿನ ಮೇಲಿನ ನಾಲ್ಕು ಅಂಕಿ ಓದಿ ಯಾವ ವಾರ, ಯಾವ ವರ್ಷದ್ದು ಅಂತ ಬರೆದುಕೊಂಡರು. ಎಂಜಿನನ್ನು ಮಿತಿ ಮೀರಿ ತಿರುಗಿಸಿದ್ದರೆ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತೆ, ಆ ರಿಪೋರ್ಟ್ ಕೇಳಿದರು. ಸರ್ವಿಸ್ ಬಿಲ್ಲುಗಳ ಫೈಲಿನಲ್ಲೇ ಇಟ್ಟಿದ್ದೆ, ಕೊಟ್ಟೆ. ಚೌಕಾಸಿ ಅಲ್ಲಿಗೇ ನಿಂತಿತು. 52 ಲಕ್ಷಕ್ಕೆ ಹೋಯಿತು.

ಕಾರು ಕೊಡುವ ದಿನ ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿದ್ದರ ಜೊತೆಗೆ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪತ್ರವನ್ನೂ ತಗೊಂಡೆ. ಆ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ನನ್ನದು 45% ಇದೆ, ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಬಹುದು.