ಎತ್ತು ನಾನೇ ಮಾಡ್ತೀನಿ: ಚಿಕ್ಕ ಮಕ್ಕಳ ಜೊತೆ ಮನೆಯ ಕ್ರಿಸ್‌ಮಸ್ ಪದ್ಧತಿ ಶುರು ಮಾಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕಲಬುರಗಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗಿಡ, ಮಿಣುಕು ದೀಪ, ಸಾಂಟಾ ಟೊಪ್ಪಿಗೆ ಎಲ್ಲವೂ ಬಂದುಬಿಡುತ್ತವೆ. ಅವನ್ನು ತಂದು, ಮಕ್ಕಳು ಮಲಗಿದ ಮೇಲೆ ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸುವ ತಂದೆತಾಯಿ ಬಹಳ ಮಂದಿ. ಬೆಳಗ್ಗೆ ಎದ್ದ ಮಗು ನೋಡಿ ಕುಣಿಯುತ್ತದೆ, ನಿಜ. ಆದರೆ ನಾಲ್ಕು ದಿನಕ್ಕೆ ಮರೆಯುತ್ತದೆ. ಅದರಲ್ಲಿ ಅದರ ಕೈ ಇರಲಿಲ್ಲ ಅಲ್ವಾ?

ಸಂಡೇ ಸ್ಕೂಲಿನಲ್ಲಿ ಚಿಕ್ಕವರ ಗುಂಪು ನೋಡಿಕೊಳ್ಳುವ ನಾನು ಹೊಸ ತಾಯಂದಿರಿಗೆ ಹೇಳುವುದು ಇಷ್ಟೇ. ಮಗು ತನ್ನ ಕೈಯಾರೆ ಮಾಡಿದ ಕೆಲಸವನ್ನು ಮುಂದಿನ ವರ್ಷ ತಾನಾಗಿ ಕೇಳುತ್ತದೆ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, 'ಈ ಸಲ ಎತ್ತು ನಾನೇ ಮಾಡ್ತೀನಿ' ಎಂದು ಕೇಳಿತೆಂದರೆ ನಿಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಎರಡು ವರ್ಷದಿಂದ ಎಂಟು ವರ್ಷದ ಮಕ್ಕಳಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖರ್ಚು ಜಾಸ್ತಿ ಇಲ್ಲ. ಬೇಕಾದ ಸಾಮಾನು ಬಹಳಷ್ಟು ಹೊಲದಲ್ಲೇ ಇದೆ.

ಮೊದಲು: ಹಿರಿಯರನ್ನು ಕೇಳಿ, ಮೂರನ್ನೇ ಆರಿಸಿ

ನವೆಂಬರ್ ಕೊನೆಯ ವಾರ ಒಂದು ಸಂಜೆ ಮುತ್ಯಾ, ಆಯಿ ಇದ್ದರೆ ಅವರ ಹತ್ತಿರ ಕೂಡಿ. ಊರಲ್ಲಿದ್ದರೆ ಫೋನ್ ಮಾಡಿ. ನೀವು ಚಿಕ್ಕವರಿದ್ದಾಗ ಕ್ರಿಸ್‌ಮಸ್ ಹೇಗೆ ಮಾಡುತ್ತಿದ್ದಿರಿ, ಯಾರು ಹಾಡುತ್ತಿದ್ದರು, ಏನು ಕರಿಯುತ್ತಿದ್ದರು ಎಂದು ಮಕ್ಕಳಿಂದಲೇ ಕೇಳಿಸಿ. ಬೀದರ್ ಕಡೆಯ ಹಳ್ಳಿಗಳ ಹಳೆಯ ಮೆಥೊಡಿಸ್ಟ್ ಕುಟುಂಬಗಳ ಹಿರಿಯರ ಹತ್ತಿರ ಡೋಲಕ್, ತಾಳದ ಜೊತೆ ಹಾಡುವ ಹಾಡುಗಳಿರುತ್ತವೆ. ಅವು ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಆಮೇಲೆ ಮೂರು ಪದ್ಧತಿ ಆರಿಸಿ. ಒಂದು ತಂದೆಯ ಮನೆಯದು, ಒಂದು ತಾಯಿಯ ಮನೆಯದು, ಒಂದು ಮಗು ತಾನೇ ಮಾಡುವಂಥದ್ದು. ಗಂಡ ಮೆಥೊಡಿಸ್ಟ್, ಹೆಂಡತಿ ಕ್ಯಾಥೊಲಿಕ್ ಇರುವ ಮನೆಗಳಲ್ಲಂತೂ ಇದು ಜಗಳವನ್ನೇ ತಪ್ಪಿಸುತ್ತದೆ. ಮೂರಕ್ಕಿಂತ ಜಾಸ್ತಿ ಬೇಡ. ನಮ್ಮ ಕಡೆ ಹೆಚ್ಚಿನ ಶಾಲೆಗಳಿಗೆ ರಜೆ ಇರುವುದು 25ಕ್ಕೆ ಮಾತ್ರ. ಹಿಂದಿನ ದಿನದವರೆಗೂ ಹೋಂವರ್ಕ್ ಇರುತ್ತದೆ, ನಿಮಗೂ ಡ್ಯೂಟಿ ಇರುತ್ತದೆ. ಕೆಳಗೆ ಹೇಳುವ ಎಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ.

ದಿನ ಎಣಿಸಲು ಕಡ್ಡಿಪೆಟ್ಟಿಗೆ

ಚಿಕ್ಕ ಮಕ್ಕಳಿಗೆ 'ಇನ್ನೂ ಮೂರು ವಾರ' ಎಂದರೆ ಏನೂ ತಿಳಿಯುವುದಿಲ್ಲ. ಈ ತೊಂದರೆ ಹಳೆಯದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿಯನ್ನು ಮಕ್ಕಳು ದಿನಾ 'ಕ್ರಿಸ್‌ಮಸ್ ಯಾವಾಗ' ಎಂದು ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೆಯ ಬಂಡಿಯ ಗಾಲಿಯ ಮೇಲೆ ಮೇಣದಬತ್ತಿ ನಿಲ್ಲಿಸಿದರು. ವಾರದ ದಿನಗಳಿಗೆ ಚಿಕ್ಕವು, ನಾಲ್ಕು ಭಾನುವಾರಗಳಿಗೆ ದೊಡ್ಡವು. ದಿನಕ್ಕೊಂದು ಹಚ್ಚುತ್ತಾ ಹೋದರು. ಇಂದು ಚರ್ಚುಗಳಲ್ಲಿ ಆಗಮನ ಕಾಲಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲಕ್ಕೆ, ನಾಲ್ಕು ಮೇಣದಬತ್ತಿ ಹಚ್ಚುವ ಪದ್ಧತಿ ಬಂದದ್ದು ಅಲ್ಲಿಂದ.

ಮನೆಯಲ್ಲಿ ಚಿಕ್ಕವರಿದ್ದಾಗ ಬೆಂಕಿ ಬೇಡ. 24 ಖಾಲಿ ಕಡ್ಡಿಪೆಟ್ಟಿಗೆ ಕೂಡಿಸಿ ಒಂದು ರಟ್ಟಿಗೆ ಅಂಟಿಸಿ, ಮೇಲೆ 1ರಿಂದ 24ರವರೆಗೆ ಸಂಖ್ಯೆ ಬರೆಯಿರಿ. ಒಳಗೆ ಒಂದೊಂದು ಚೀಟಿ. ಓದಲು ಬಾರದ ಮಗುವಿಗೆ ಚಿತ್ರ ಬಿಡಿಸಿ. ಗುಬ್ಬಿಗೆ ಜೋಳ ಹಾಕು, ಮುತ್ಯಾನಿಗೆ ಫೋನ್ ಮಾಡು, ಹಾಡಿನ ಒಂದು ಸಾಲು ಕಲಿ, ಇವತ್ತು ಹಾಲಿಗೆ ಬೆಲ್ಲ. ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಬೇಕು. ಚಾಕೊಲೇಟ್ ಎಲ್ಲೋ ಎರಡು ದಿನ ಸಾಕು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಇನ್ನೊಂದು ದಾರಿ ಇದೆ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಇರುವುದು 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಪೂರ್ತಿಯಾಗುತ್ತದೆ. ಚಿಕ್ಕವರಿಗೆ ಯೇಸುವಿನ ಹುಟ್ಟಿನ ಕಥೆ ಇರುವ ಎರಡನೇ ಅಧ್ಯಾಯದ ಮೊದಲ 20 ವಚನಗಳನ್ನೇ ತುಂಡು ತುಂಡಾಗಿ ಹೇಳಿ. ಕಥೆಯಾಗಿ ಹೇಳಿ, ಪಾಠದಂತೆ ಬೇಡ.

ಗೋದಲಿ: ಮಣ್ಣೆತ್ತು ಮಾಡುವ ಕೈಗೆ ಇದು ಹೊಸದಲ್ಲ

ಮೂರರಲ್ಲಿ ಒಂದನ್ನು ನಾನೇ ಆರಿಸುವುದಾದರೆ ಗೋದಲಿಯನ್ನೇ ಆರಿಸುತ್ತೇನೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಕ್ರಿಸ್‌ಮಸ್ ರಾತ್ರಿ ಹುಲ್ಲು ತರಿಸಿ, ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಜನರಿಗೆ ಯೇಸುವಿನ ಹುಟ್ಟನ್ನು ಕಣ್ಣಾರೆ ತೋರಿಸಿದರು. ನಮ್ಮ ಮಕ್ಕಳಿಗೆ ಎತ್ತು ದೂರದ ಪ್ರಾಣಿ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ತುಂಬ ಎತ್ತು ಮಾಡುವುದನ್ನು ನೋಡಿರುತ್ತಾರೆ.

ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆಯಿರಿ. ನಮ್ಮ ಎರೆ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅದಕ್ಕೆ ಸ್ವಲ್ಪ ಸಣ್ಣ ಉಸುಕು, ಒಂದು ಹಿಡಿ ಸಣ್ಣ ಹೊಟ್ಟು ಸೇರಿಸಿ ಚಪಾತಿ ಹಿಟ್ಟಿನಷ್ಟು ಗಟ್ಟಿಯಾಗಿ ನಾದಬೇಕು. ಒದ್ದೆ ಅರಿವೆ ಸುತ್ತಿ ಒಂದು ರಾತ್ರಿ ಬಿಡಿ. ಮಕ್ಕಳಿಗೆ ಕೂತ ಎತ್ತು, ಮಲಗಿದ ಕುರಿ ಮಾಡಲು ಹೇಳಿ. ನಿಂತ ಎತ್ತಿನ ಕಾಲು ಒಣಗುವ ಮೊದಲೇ ಮುರಿದು ಅಳು ಶುರುವಾಗುತ್ತದೆ. ನಿಂತೇ ಇರಬೇಕು ಎಂದು ಹಟ ಮಾಡಿದರೆ ಕಾಲಿನೊಳಗೆ ಕಸಬರಿಗೆಯ ಕಡ್ಡಿ ಇಡಿ. ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಿರುಕು ಖಂಡಿತ.

ಕುರಿಗಳ ಮೈಗೆ ಹತ್ತಿ ಅಂಟಿಸಿ. ಯಾದಗಿರಿ ಕಡೆಯವರಿಗೆ ಹತ್ತಿ ಹುಡುಕಬೇಕಾಗಿಲ್ಲ. ಕುರುಬರ ಹೆಗಲಿಗೆ ಹಳೆಯ ಕಂಬಳಿಯ ಒಂದು ತುಣುಕು ಹಾಕಿ. 'ಹೊಲದಲ್ಲಿದ್ದುಕೊಂಡು ರಾತ್ರಿಯಲ್ಲಿ ಕುರಿ ಕಾಯುತ್ತಿದ್ದರು' ಎಂದು ಓದುವಾಗ, ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸಿ ಚಳಿಯಲ್ಲಿ ಕಂಬಳಿ ಹೊದ್ದು ಕೂತ ನಮ್ಮ ಕುರಿಗಾರರನ್ನೇ ತೋರಿಸಿ. ಬೆತ್ಲೆಹೇಮ್ ಎಲ್ಲೋ ದೂರದ ಊರು ಎಂದು ಹತ್ತು ಸಲ ವಿವರಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಕೊಟ್ಟಿಗೆಗೆ ಜೋಳದ ದಂಟು ಸಾಕು. ಒಂದೇ ಅಳತೆಗೆ ಕತ್ತರಿಸಿ, ರಟ್ಟಿನ ಡಬ್ಬಿಯ ಹೊರಗೆ ಅಂಟಿಸಿ, ಮೇಲೆ ಒಣ ಹುಲ್ಲು ಹೊದಿಸಿ. ದಂಟಿನ ಸಿಪ್ಪೆ ಬೆರಳು ಕೊಯ್ಯುತ್ತದೆ, ಕತ್ತರಿಸುವ ಕೆಲಸ ದೊಡ್ಡವರದ್ದು. ಗಿಡವೂ ಬೇಕೆಂದರೆ ತೊಗರಿ ಕಟಾವಿನ ಕಾಲವಿದು. ಕವಲು ಚೆನ್ನಾಗಿರುವ ಒಂದು ತೊಗರಿ ಕಟ್ಟಿಗೆ ತಂದು ಸುಣ್ಣ ಬಳಿದು ಕುಂಡದಲ್ಲಿ ನೆಡಿ. ಕಪ್ಪು ಡ್ರಾಯಿಂಗ್ ಹಾಳೆಯ ತುಂಡುಗಳ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಿಂದ ಬಳ್ಳಿ, ಹೂ ಬಿಡಿಸಿ ತೂಗುಹಾಕಿದರೆ ಬಿದ್ರಿ ಕೆಲಸದ ಚಂದ ಬರುತ್ತದೆ. ಬೀದರಿನ ಕುಶಲಕರ್ಮಿಗಳು ಸತು, ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುತ್ತಾರೆ ಎಂದು ಮಕ್ಕಳಿಗೆ ಹೇಳುತ್ತಾ ಮಾಡಿ.

ಎರಡು ನಿಯಮ ಇಟ್ಟುಕೊಳ್ಳಿ. ಬಾಲಯೇಸುವನ್ನು 24ರ ರಾತ್ರಿಯವರೆಗೆ ಗೋದಲಿಯಲ್ಲಿ ಇಡಬೇಡಿ. ಇಡುವುದು ಮನೆಯ ಅತಿ ಚಿಕ್ಕ ಮಗು. ನಕ್ಷತ್ರ ನೋಡಿ ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳು ಮನೆಯ ಇನ್ನೊಂದು ಮೂಲೆಯಿಂದ ಹೊರಡಲಿ. ಕಿಟಕಿ, ಟಿವಿ ಮೇಜು, ಗೋಡೆಯ ಗೂಡು ಹೀಗೆ ದಿನಾ ಸ್ವಲ್ಪ ಮುಂದೆ ಸರಿಸುತ್ತಾ ಜನವರಿ 6ಕ್ಕೆ ಮುಟ್ಟಿಸಿ. ಆ ದಿನವೇ ಅವರ ಹಬ್ಬ. ಬೆಳಗ್ಗೆ ಎದ್ದ ಕೂಡಲೇ ಮಕ್ಕಳು ಅವರನ್ನು ಹುಡುಕಿಕೊಂಡು ಓಡುತ್ತಾರೆ.

ನಕ್ಷತ್ರ

ಕೊಂಡು ತಂದರೂ ತಪ್ಪಿಲ್ಲ. ಮಾಡುವುದಾದರೆ ಎರಡು ಅಡಿ ಉದ್ದದ 10 ಬಿದಿರಿನ ಸೀಳು ಬೇಕು. ಐದೈದು ಸೇರಿಸಿ ಎರಡು ನಕ್ಷತ್ರ ಕಟ್ಟಿ. ಒಂದರ ಮೇಲೊಂದು ಇಟ್ಟು ಐದೂ ತುದಿಗಳನ್ನು ದಾರದಿಂದ ಬಿಗಿಯಿರಿ. ಒಳಗೆ ಸೀಳುಗಳು ಕೂಡುವ ಐದು ಜಾಗದಲ್ಲಿ ಅರ್ಧ ಅಡಿಯ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಸಂಕ್ರಾಂತಿಯ ಪತಂಗದ ಹಾಳೆ ಆಗಲೇ ಅಂಗಡಿಗೆ ಬಂದಿರುತ್ತದೆ, ಅದನ್ನೇ ಅಂಟಿಸಿ. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ. ಹಳೆಯ ಕಾಲದ ಬಲ್ಬು ಕಾದು ಹಾಳೆಗೆ ಬೆಂಕಿ ತಗಲಬಹುದು.

ಇನ್ನೊಂದು ಮಾತು. ನಮ್ಮ ಜಿಲ್ಲೆಗಳ ಎಷ್ಟೋ ತಂದೆಯಂದಿರು ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದಿನಲ್ಲಿ ದುಡಿಯುತ್ತಾರೆ. ಉದ್ಯಾನ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿಯ ಬಸ್ಸಿನಲ್ಲೋ 23ಕ್ಕೆ ಬಂದು ಇಳಿಯುತ್ತಾರೆ. ಅಂಥ ಮನೆಯಲ್ಲಿ ನಕ್ಷತ್ರ ಏರುವುದು ಡಿಸೆಂಬರ್ 1ಕ್ಕೆ ಅಲ್ಲ, ಅಪ್ಪ ಬಂದ ದಿನ. ಉಳಿದದ್ದೆಲ್ಲ ಮಾಡಿಟ್ಟು, ಕಟ್ಟುವ ಕೆಲಸ ಅವರಿಗೆ ಉಳಿಸಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರೇ ಕಟ್ಟಲಿ.

ಶಂಕರಪೋಳಿ ಮತ್ತು ಓಣಿಯ ತಟ್ಟೆ

ಪ್ಲಮ್ ಕೇಕ್ ಬೇಕರಿಯಿಂದ ಬರಲಿ. ಮನೆಯಲ್ಲಿ ಮಕ್ಕಳ ಜೊತೆ ಮಾಡಲು ಶಂಕರಪೋಳಿಯಷ್ಟು ಒಳ್ಳೆಯದು ಬೇರೆ ಇಲ್ಲ. ಕಾಲು ಕಪ್ ಹಾಲು, ಕಾಲು ಕಪ್ ತುಪ್ಪ, ಅರ್ಧ ಕಪ್ ಸಕ್ಕರೆ ಕರಗುವವರೆಗೆ ಬೆಚ್ಚಗೆ ಮಾಡಿ ಆರಿಸಿ. ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಹೆಚ್ಚುಕಡಿಮೆ 2 ಕಪ್ ಮೈದಾ ಹಾಕಿ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಮುಚ್ಚಿಡಿ. ಸ್ವಲ್ಪ ದಪ್ಪಗೆ ಲಟ್ಟಿಸಿ. ಕತ್ತರಿಸುವುದು ಮಕ್ಕಳ ಕೆಲಸ. ಚಾಕು ಬೇಡ, ಕರ್ಚಿಕಾಯಿಯ ಅಂಚು ಕತ್ತರಿಸುವ ಗಾಲಿ ಚಮಚ ಕೊಡಿ. ನಕ್ಷತ್ರ ಸೊಟ್ಟ ಬಂದರೂ ತಿದ್ದಬೇಡಿ. ಕರಿಯುವಾಗ ಮಕ್ಕಳು ಒಲೆಯ ಹತ್ತಿರ ಬೇಡ. ಉರಿ ಸಣ್ಣಗಿರಲಿ, ಇಲ್ಲದಿದ್ದರೆ ಹೊರಗೆ ಕೆಂಪು, ಒಳಗೆ ಹಸಿ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಓಣಿಯ ಎಷ್ಟೋ ಮನೆಗಳಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮರ್ಯಾದೆಗೆ ತೆಗೆದುಕೊಂಡು ಒಳಗೆ ಇಡುತ್ತಾರೆ, ಮಗು ಮಾತ್ರ 'ಹೇಗಿತ್ತು ಕಾಕು?' ಎಂದು ಕೇಳಿಬಿಡುತ್ತದೆ. ಶಂಕರಪೋಳಿ, ಚಕ್ಕುಲಿ, ಶೇಂಗಾ ಹೋಳಿಗೆ ಎಲ್ಲ ಮನೆಗೂ ಹೋಗುತ್ತವೆ. ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ, ಅವರ ಮನೆಯ ಭಜ್ಜಿ, ಸಜ್ಜೆ ಕಡಬು ನಮ್ಮ ಮನೆಗೆ ಬರುತ್ತವೆ. ರಂಜಾನ್‌ಗೆ ಪಕ್ಕದ ಮನೆಯ ಶೀರ್‌ಕುರ್ಮಾ ಬಂದಿರುತ್ತದೆ. ನಮ್ಮ ತಟ್ಟೆಯನ್ನು ಮಗುವೇ ಹೊತ್ತು ಹೋಗಲಿ. ಜೊತೆಗೆ ದೊಡ್ಡವರೊಬ್ಬರು ಹಿಂದೆ ನಿಂತರೆ ಸಾಕು. ಯಾವ ಮನೆಗೆ ಮೊದಲು ಎಂಬುದನ್ನೂ ಮಗುವೇ ತೀರ್ಮಾನಿಸಲಿ.

ಚರ್ಚಿನ ಹುಡುಗರು ಕ್ಯಾರಲ್ ಹಾಡಲು ಮನೆಗೆ ಬರುವ ರಾತ್ರಿ ಗೊತ್ತಾದರೆ ಮಕ್ಕಳಿಗೆ ಆ ಮಧ್ಯಾಹ್ನ ನಿದ್ದೆ ಮಾಡಿಸಿ. ಸುಸಲಾ, ಮಿರ್ಚಿ ಭಜಿ, ಚಹಾ ನೀವು ನೋಡಿಕೊಳ್ಳಿ. ತಟ್ಟೆ ಹಂಚುವುದು ಮಕ್ಕಳು ಮಾಡಲಿ.

ಉಡುಗೊರೆ, ಸಾಂಟಾ

ಮಗುವಿಗೆ ಸಾಂಟಾನ ಬದಲು ನಿಕೊಲಾಸನ ಕಥೆ ಹೇಳುವುದು ನನಗೆ ಇಷ್ಟ. ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನಲ್ಲಿ ನಾಲ್ಕನೇ ಶತಮಾನದಲ್ಲಿ ಬಿಷಪ್ ಆಗಿದ್ದವರು ಅವರು. ಮೂವರು ಬಡ ಹೆಣ್ಣುಮಕ್ಕಳ ಮನೆಗೆ ರಾತ್ರಿ ಯಾರಿಗೂ ತಿಳಿಯದಂತೆ ಹಣದ ಚೀಲ ಎಸೆದು ಹೋದರು ಎಂಬ ಕಥೆ ಇದೆ. ಅವರ ನೆನಪಿನ ದಿನ ಡಿಸೆಂಬರ್ 6. ಆ ದಿನ ಮನೆಯವರೆಲ್ಲ ಸೇರಿ ಒಂದು ಕಂಬಳಿ ಕೊಂಡು ತನ್ನಿ. ಡಿಸೆಂಬರಿನ ಚಳಿ ಬೀದರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಸ್ ನಿಲ್ದಾಣದ ಬಳಿ ಮಲಗುವವರೊಬ್ಬರಿಗೆ ಕೊಟ್ಟು ಬನ್ನಿ. ಫೋಟೊ ತೆಗೆಯಬೇಡಿ. ನಿಕೊಲಾಸರೂ ಕತ್ತಲಲ್ಲೇ ಕೊಟ್ಟದ್ದು ಎಂದು ಮಗುವಿಗೆ ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ.

ಮಗುವಿಗೆ ಉಡುಗೊರೆ ಒಂದೇ ಇರಲಿ. ಹೊಸ ಬಟ್ಟೆಯನ್ನು ಮೊದಲೇ ಒಂದು ಸಲ ತೊಡಿಸಿ ನೋಡಿ. ಚುಚ್ಚುವ ಜರಿಯ ಫ್ರಾಕಿನಿಂದ ಚರ್ಚಿನಲ್ಲಿ ಪೂರ್ತಿ ಆರಾಧನೆ ಹಾಳಾಗುತ್ತದೆ.

24ರ ರಾತ್ರಿ

ಮಧ್ಯರಾತ್ರಿಯ ಪೂಜೆಗೆ ಐದು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಲೇಬೇಕು ಎಂದು ಹಟ ಬೇಡ. ಮನೆಯಲ್ಲೇ ಎಂಟು ಗಂಟೆಗೆ ದೀಪ ಆರಿಸಿ ಗೋದಲಿಯ ಬೆಳಕು ಮಾತ್ರ ಉಳಿಸಿ. ಆ 20 ವಚನ ಓದಿ, ಮುತ್ಯಾನ ಹಾಡು ಹಾಡಿ, ಬಾಲಯೇಸುವನ್ನು ಇಡಿಸಿ, ಮಲಗಿಸಿ. ಬೆಳಗಿನ ಆರಾಧನೆಗೆ ಚುರುಕಾಗಿ ಏಳುತ್ತಾರೆ. ಹೋಗುವುದೇ ಆದರೆ ಕಿವಿಟೊಪ್ಪಿಗೆ, ಸ್ವೆಟರ್, ಒಂದು ಡಬ್ಬಿ ಶಂಕರಪೋಳಿ ಜೊತೆಗಿರಲಿ. ಬಾಗಿಲ ಹತ್ತಿರ ಕೂಡಿ.

ಮುಗಿದ ಮೇಲೆ

ಜನವರಿ 6ಕ್ಕೆ ಜ್ಞಾನಿಗಳು ಮುಟ್ಟಿದ ಮೇಲೆ ನಕ್ಷತ್ರ ಇಳಿಸಿ. ಹಾಳೆ ಹರಿದಿರುತ್ತದೆ, ಬಿದಿರಿನ ಚೌಕಟ್ಟು ಮಾತ್ರ ಇಟ್ಟುಕೊಳ್ಳಿ. ಒಂದು ವಹಿ ತೆಗೆದು ಆ ವರ್ಷ ಯಾರು ಯಾವ ಪ್ರಾಣಿ ಮಾಡಿದರು, ಯಾರು ಊರಿಂದ ಬಂದಿದ್ದರು ಎಂದು ಬರೆಯಿರಿ. ಪಕ್ಕದಲ್ಲಿ ಮಗುವಿನ ಅಂಗೈಯ ಗುರುತು ಗೀಚಿ. ಮಣ್ಣಿನ ಎತ್ತು, ಕುರಿಗಳನ್ನು ಒಂದೊಂದಾಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಡಿ. ಮುರಿದದ್ದನ್ನು ಎಸೆಯಬೇಡಿ, ಕಾಲಿಲ್ಲದ ಕುರಿಯನ್ನೇ ಮಕ್ಕಳು ಮೊದಲು ಕೇಳುತ್ತಾರೆ. ಜೋಳದ ದಂಟು, ಹುಲ್ಲು ಮಾತ್ರ ಇಡಬೇಡಿ, ಇಲಿ ಬರುತ್ತದೆ. ಅದನ್ನು ಬಿಚ್ಚಿ, ಅಂಟು ಹತ್ತದ ದಂಟನ್ನು ಆರಿಸಿ, ಓಣಿಯ ಯಾವುದಾದರೂ ದನಕ್ಕೆ ಮಕ್ಕಳ ಕೈಯಿಂದ ಹಾಕಿಸಿ.