ಜಾನ್ ಲೆನನ್‌ರ ‘ಅಕೌಸ್ಟಿಕ್’ ಸಂಕಲನವನ್ನು ಆಲಿಸುವ ಬಗೆ

1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಅವರ ಗಿಟಾರ್ ಡೆಮೊಗಳನ್ನೂ (ಹಾಡಿನ ಕರಡು ಧ್ವನಿಮುದ್ರಣಗಳನ್ನೂ) ಕೆಲವು ವೇದಿಕೆಯ ಧ್ವನಿಮುದ್ರಣಗಳನ್ನೂ ಕೂಡಿಸಿ 2004ರ ನವೆಂಬರಿನಲ್ಲಿ ‘ಅಕೌಸ್ಟಿಕ್’ ಎಂಬ ಸಂಕಲನವನ್ನು ಹೊರತರಲಾಯಿತು. ಇದರಲ್ಲಿರುವ 16 ಹಾಡುಗಳನ್ನು ಸಿದ್ಧಗೊಂಡ ಆಲ್ಬಮ್ಮಿನಂತೆ ಒಂದೇ ಉಸಿರಿಗೆ ಕೇಳಿ ಮುಗಿಸಿದರೆ ನಿರಾಸೆಯಾಗುವುದೇ ಹೆಚ್ಚು. ಪ್ರತಿಯೊಂದನ್ನೂ ಅದರ ಪ್ರಕಟಿತ ರೂಪದ ಪಕ್ಕದಲ್ಲಿಟ್ಟು ಕೇಳುವುದು ಸರಿಯಾದ ಕ್ರಮ. ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು ನೆನಪಿರಲಿ: 1998ರಲ್ಲಿ ಬಂದ ಲೆನನ್‌ರದೇ ನಾಲ್ಕು ಸಿಡಿಗಳ ‘ಆಂಥಾಲಜಿ’ ಸಂಕಲನ ನಿಮ್ಮಲ್ಲಿದ್ದರೆ, ಇಲ್ಲಿನ ಅರ್ಧಕ್ಕಿಂತ ಹೆಚ್ಚು ಹಾಡುಗಳು ಆಗಲೇ ನಿಮ್ಮ ಬಳಿ ಇವೆ.

ಮೊದಲು 1970ರ ‘ಜಾನ್ ಲೆನನ್/ಪ್ಲಾಸ್ಟಿಕ್ ಓನೊ ಬ್ಯಾಂಡ್’ ಆಲ್ಬಮ್ಮನ್ನು ಹತ್ತಿರ ಇಟ್ಟುಕೊಳ್ಳಿ, ಏಕೆಂದರೆ ಸಂಕಲನದ ಮೊದಲ ಆರು ಹಾಡುಗಳು ಅಲ್ಲಿಂದಲೇ ಬಂದಿವೆ. ‘ಗಾಡ್’ ಹಾಡಿನಿಂದ ಆರಂಭಿಸುವುದು ಒಳ್ಳೆಯದು. ಆಲ್ಬಮ್ಮಿನಲ್ಲಿ ಬಿಲ್ಲಿ ಪ್ರೆಸ್ಟನ್ ಅವರ ಪಿಯಾನೊ, ರಿಂಗೊ ಸ್ಟಾರ್ ಅವರ ಡ್ರಮ್ಸ್ ಮತ್ತು ಕ್ಲಾಸ್ ಫೋರ್ಮನ್ ಅವರ ಬಾಸ್ ಹಾಡಿಗೆ ಗಾಂಭೀರ್ಯ ಕೊಟ್ಟಿವೆ; ಡೆಮೊದಲ್ಲಿ ಅವು ಯಾವುವೂ ಇಲ್ಲದೆ ಗಿಟಾರಿನ ಮೇಲೆಯೇ ಹಾಡು ನಿಲ್ಲಬೇಕಾಗಿದೆ. ‘ವರ್ಕಿಂಗ್ ಕ್ಲಾಸ್ ಹೀರೊ’ ಹಾಡನ್ನು ಹೀಗೆ ಹೋಲಿಸಿ ಹೆಚ್ಚೇನೂ ಸಿಗದು, ಮೂಲದಲ್ಲೇ ಅದು ಗಿಟಾರ್ ಮತ್ತು ಕಂಠ ಮಾತ್ರ.

ಹೆಚ್ಚು ಸಮಯ ಕೊಡಬೇಕಾದದ್ದು ‘ಲುಕ್ ಅಟ್ ಮಿ’ ಹಾಡಿಗೆ. 1968ರಲ್ಲಿ ಹೃಷೀಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮದಲ್ಲಿದ್ದಾಗ ಸ್ಕಾಟ್ಲೆಂಡಿನ ಗಾಯಕ ಡೊನೊವನ್ ಅವರಿಂದ ಲೆನನ್ ಕಲಿತ ಬೆರಳು ಮೀಟಿನ ಕ್ರಮವೇ ಇದರ ಬೆನ್ನೆಲುಬು. ಮೊದಲ ಸಲ ಕೇಳುವಾಗ ಹಾಡನ್ನು ಬಿಟ್ಟು ಹೆಬ್ಬೆರಳನ್ನು ಮಾತ್ರ ಹಿಂಬಾಲಿಸಿ: ಅದು ದಪ್ಪ ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತಾ ತಾಳ ಹಿಡಿದಿರುತ್ತದೆ. ಎರಡನೆಯ ಸಲ, ಆ ತಾಳದ ನಡುವಿನ ಜಾಗದಲ್ಲಿ ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ಬೀಳಿಸುವ ಸ್ವರಗಳನ್ನು ಗಮನಿಸಿ. ಗಿಟಾರ್ ಕಲಿಯುವವರು ಹೆಬ್ಬೆರಳು ತಾನಾಗಿ ನಡೆಯುವವರೆಗೆ ಹಾಡಲು ಹೋಗಬಾರದು. ಸಿಡಿಯ ಕಿರುಪುಸ್ತಿಕೆಯಲ್ಲಿ ಗಿಟಾರ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಮುದ್ರಿಸಿರುವುದು ಇಂಥವರಿಗೆ ಅನುಕೂಲ.

ವೇದಿಕೆಯ ಧ್ವನಿಮುದ್ರಣಗಳನ್ನು ಡೆಮೊಗಳ ನಡುವೆ ಬೆರೆಸದೆ ಬೇರೆಯಾಗಿ ಕೇಳುವುದು ಲೇಸು. ‘ಜಾನ್ ಸಿಂಕ್ಲೇರ್’ ಹಾಡನ್ನು 1971ರ ಡಿಸೆಂಬರ್ 10ರಂದು ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ, ಎರಡು ಗಾಂಜಾ ಸಿಗರೇಟು ಕೊಟ್ಟದ್ದಕ್ಕೆ ಹತ್ತು ವರ್ಷದವರೆಗಿನ ಶಿಕ್ಷೆ ಪಡೆದಿದ್ದ ಅದೇ ಹೆಸರಿನ ವ್ಯಕ್ತಿಯ ಬಿಡುಗಡೆಗಾಗಿ ಹಾಡಲಾಯಿತು. ಮೂರು ದಿನಗಳಲ್ಲಿ ಅವರು ಸೆರೆಮನೆಯಿಂದ ಹೊರಬಂದರು. ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಹೇಳುವ ಈ ಹಾಡಿನ ಹಟ ಆ ಸಂದರ್ಭ ತಿಳಿದವರಿಗಷ್ಟೇ ಅರ್ಥವಾಗುತ್ತದೆ. ಒಂದು ವಾರದ ಬಳಿಕ ನ್ಯೂಯಾರ್ಕಿನ ಅಪೊಲೊ ರಂಗಮಂದಿರದಲ್ಲಿ ಹಾಡಿದ ‘ಇಮ್ಯಾಜಿನ್’ನಲ್ಲಿ ಎಲ್ಲರೂ ಬಲ್ಲ ಪಿಯಾನೊದ ಬದಲು ಗಿಟಾರ್ ಇದೆ, ಹೀಗಾಗಿ ಸವೆದುಹೋದ ಹಾಡೂ ಹೊಸದಾಗಿ ಕಿವಿಗೆ ಬೀಳುತ್ತದೆ.

ತೀರಾ ಚಿಕ್ಕದಾದ ‘ಮೈ ಮಮ್ಮೀಸ್ ಡೆಡ್’ನಂಥ ತುಣುಕುಗಳನ್ನು ಒಮ್ಮೆ ಕೇಳಿದರೆ ಸಾಕು. ‘ರಿಯಲ್ ಲವ್’ ಕೇಳಿದ ಕೂಡಲೇ, ಉಳಿದ ಮೂವರು ಬೀಟಲ್ಸ್ ಸದಸ್ಯರು ಲೆನನ್‌ರ ಮನೆಯ ಟೇಪೊಂದರ ಮೇಲೆ ತಮ್ಮ ವಾದ್ಯಗಳನ್ನು ಸೇರಿಸಿ 1996ರಲ್ಲಿ ಹೊರತಂದ ರೂಪವನ್ನೂ ಹಾಕಿ ನೋಡಿ. ನನ್ನ ಕಿವಿಗೆ ಡೆಮೊವೇ ಮೇಲು.