ಚರಂಡಿ ಅಳೆದು ಕೊಟ್ಟ ದೂರು

ನಾನು ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟವನು. ಪಿಂಚಣಿ, ಪೋಡಿ, ಇ-ಸ್ವತ್ತು, ಯಾವ ಅರ್ಜಿಯಾದರೂ ನಮ್ಮ ಹೋಬಳಿಯಲ್ಲಿ ನನ್ನ ಕೈ ದಾಟಿಯೇ ಕಚೇರಿ ಸೇರುತ್ತದೆ. ಹಾಗಿದ್ದೂ ನಮ್ಮೂರ ಗ್ರಾಮ ಪಂಚಾಯತಿ ಮೇಲೆ ನಾನೇ ದೂರು ಬರೆಯಬೇಕಾಗಿ ಬಂದಾಗ ಚೆನ್ನಾಗಿ ಎಡವಿದೆ.

ವಿಷಯ ಇಷ್ಟು. ನಮ್ಮ ಬೀದಿಗೆ ಹದಿನೈದನೇ ಹಣಕಾಸು ಆಯೋಗದ ದುಡ್ಡಲ್ಲಿ ಸಿಮೆಂಟ್ ಚರಂಡಿ ಆಯಿತು. ಕೆಲಸ ಮಾಡಿದ್ದು ವಾರ್ಡಿನ ಸದಸ್ಯರ ಭಾಮೈದ. ಬಿಲ್ ಪಾಸಾದ ಸಭೆಯಲ್ಲಿ ಆ ಸದಸ್ಯರೂ ಕೂತಿದ್ದರು. ಚರಂಡಿ ಮಾತ್ರ ಮಾರಮ್ಮನ ಗುಡಿ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಕೊಚ್ಚೆ ನೀರೆಲ್ಲ ಗುಡಿ ಬಾಗಿಲಿಗೆ.

ಸಿಟ್ಟಲ್ಲಿ ನಾಲ್ಕು ಪುಟ ಬಡಿದೆ. ‘ಲೂಟಿ’, ‘ಹಗಲು ದರೋಡೆ’, ಇನ್ನೂ ಏನೇನೋ. ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಪಿಡಿಒಯಿಂದ ಹಿಡಿದು ಮಂತ್ರಿಗಳವರೆಗೆ ಹನ್ನೊಂದು ಕಡೆ ಪ್ರತಿ ಕಳಿಸಿದೆ. ಎರಡು ತಿಂಗಳಾದ ಮೇಲೆ ಒಂದು ಕಾಗದ ಬಂತು: ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲು ಸೂಚಿಸಿದೆ.’ ಸೂಚಿಸಿದ್ದು ಯಾರಿಗೆ? ಅದೇ ಪಂಚಾಯತಿಗೆ.

ತಾಲ್ಲೂಕು ಪಂಚಾಯತಿಯ ಕೇಸ್ ವರ್ಕರ್ ಒಬ್ಬರು ಜೆರಾಕ್ಸ್‌ಗೆ ಬಂದಾಗ ಗೋಳು ಹೇಳಿಕೊಂಡೆ. ಅವರು ನಕ್ಕರು. ‘ನಿಮ್ಮ ಸಿಟ್ಟನ್ನ ಫೈಲಲ್ಲಿ ಹೆಂಗಣ್ಣ ಇಡ್ಲಿ? ಯಾವ ತಾರೀಕು, ಯಾವ ಠರಾವು, ಎಷ್ಟು ಮೀಟರ್ ಅಂತ ಇದ್ರೆ ನಾನು ಟಿಪ್ಪಣಿ ಮಂಡಿಸಬಹುದು.’ ನನಗೆ ನಿಜವಾದ ಪಾಠ ಅಂದರೆ ಇದೇ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಫಾರಂ ಎ, 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೊದಲು ಇದು ಕಿರಿಕಿರಿ ಅನಿಸಿತ್ತು. ಆಮೇಲೆ ನೋಡಿದರೆ ಅದರಿಂದಲೇ ನನ್ನ ಬಾಯಿಬಡುಕತನ ನಿಂತಿತು. ‘ಯಾಕೆ ಹೀಗೆ ಮಾಡಿದಿರಿ’ ಅಂತ ಕೇಳಲಿಲ್ಲ. ಯಾಕೆ ಅನ್ನುವುದಕ್ಕೆ ಅವರ ಹತ್ತಿರ ಕಾಗದ ಇರಲ್ಲ. ಆ ತಿಂಗಳ ಸಭೆಯ ನಡಾವಳಿ (ಸಭೆಯಲ್ಲಿ ಏನಾಯಿತು ಅಂತ ಬರೆದಿಟ್ಟ ದಾಖಲೆ), ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಆದ ಕೆಲಸದ ಅಳತೆ ಬರೆದಿಡುವ ಎಂಬಿ ಪುಸ್ತಕದ ಪುಟ, ಬಿಲ್ ವೋಚರ್ ಇಷ್ಟರ ದೃಢೀಕೃತ ಪ್ರತಿ ಕೇಳಿದೆ.

ಪಿಡಿಒ ಫೋನ್ ಮಾಡಿದರು. ‘ಏನಣ್ಣ, ಬಾಯಲ್ಲಿ ಕೇಳಿದ್ರೆ ಕೊಡ್ತಿರಲಿಲ್ವಾ?’

‘ಕೊಡ್ತಿದ್ರಿ ಸರ್. ಸೀಲ್ ಹಾಕಿ ಕೊಡ್ತಿರಲಿಲ್ಲ.’

ಮೂವತ್ತು ದಿನ ಕಳೆದರೂ ಏನೂ ಬರಲಿಲ್ಲ. ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಇಒ ಹತ್ತಿರ ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೂ 30 ದಿನದ ಗಡುವು ಇದೆ, ‘ನಾಳೆ ಕೊಡ್ತೀವಿ’ ಅಂತ ಪಂಚಾಯತಿಯವರು ಹೇಳುವುದನ್ನು ನಂಬಿ ಕೂತರೆ ಅದೂ ದಾಟಿಹೋಗುತ್ತದೆ. ಕೊನೆಗೆ 43 ಪುಟ ಕೈಗೆ ಬಂತು, ಅದೂ ಪುಕ್ಕಟೆ. ಅವಧಿ ಮೀರಿದರೆ ಪುಟಕ್ಕೆ ದುಡ್ಡು ಕೇಳುವ ಹಾಗಿಲ್ಲ.

ಎಂಬಿ ಪುಟದಲ್ಲಿ ಚರಂಡಿ ಉದ್ದ 84 ಮೀಟರ್. ಗಾರೆ ಮೇಸ್ತ್ರಿ ಹತ್ತಿರ ಟೇಪ್ ಇಸ್ಕೊಂಡು, ಬೆಳಗಿನ ಜಾವ ಅಣ್ಣನ ಮಗನಿಗೆ ಒಂದು ತುದಿ ಹಿಡಿಸಿ ಅಳೆದೆ. 61. ತಪ್ಪಾಯಿತೇನೋ ಅಂತ ವಾಪಸ್ ಆ ಕಡೆಯಿಂದ ಅಳೆದೆ. ಅಷ್ಟೇ. ಟೇಪಿನ ನಂಬರ್ ಕಾಣುವ ಹಾಗೆ ಫೋಟೊ ತೆಗೆದೆ.

ನಡಾವಳಿಯಲ್ಲಿ ಇನ್ನೊಂದು ಸಿಕ್ಕಿತು. ಮಗಳ ಬಾಣಂತನಕ್ಕೆ ಅಂತ ಆ ದಿನ ಊರಲ್ಲೇ ಇಲ್ಲದ ಸದಸ್ಯೆಯೊಬ್ಬರ ಸಹಿ. ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಿದೆ, ನಮ್ಮಲ್ಲಿ ಸಭೆಗೆ ಬರುವುದು ಗಂಡಂದಿರು. ಇದನ್ನು ದೂರಿಗೆ ಸೇರಿಸಲಿಲ್ಲ. ಊರಿಗೆಲ್ಲ ಗೊತ್ತಿತ್ತು ನಿಜ, ಕೈಯಲ್ಲಿ ಕಾಗದ ಇರಲಿಲ್ಲ. ಜೊತೆಗೆ ಸಿಕ್ಕಿಬೀಳುತ್ತಿದ್ದವರು ಆ ಹೆಂಗಸು, ಗಂಡ ಅಲ್ಲ.

ಎರಡನೇ ಸಲ ಎರಡು ದೂರು ಬರೆದೆ, ಒಂದೊಂದೇ ಪುಟ. ಅಳತೆ ಕಮ್ಮಿ ಇರುವುದು ಒಂದು, ಇಒಗೆ. ಸದಸ್ಯರು ಸ್ವಂತದವರ ಬಿಲ್ಲಿನ ಚರ್ಚೆಯಲ್ಲಿ ಕೂತಿದ್ದು ಇನ್ನೊಂದು, ಜಿಲ್ಲಾ ಪಂಚಾಯತಿ ಸಿಇಒ ಮೂಲಕ ಸರ್ಕಾರಕ್ಕೆ. 1993ರ ಪಂಚಾಯತ್ ರಾಜ್ ಕಾಯ್ದೆಯ 43ಎ ಕಲಂ ಪ್ರಕಾರ ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವ ಅಧಿಕಾರ ಸರ್ಕಾರದ್ದು, ಪಂಚಾಯತಿಯದ್ದಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ‘ಇದು ನಮಗೆ ಬರಲ್ಲ’ ಅಂತ ಆ ಟೇಬಲ್ಲಿಂದ ಈ ಟೇಬಲ್ಲಿಗೆ ಓಡಾಡಿಕೊಂಡಿರುತ್ತದೆ. ಭಾಮೈದ ಕೆಲಸ ಮಾಡಿದ ಅಂದ ಮಾತ್ರಕ್ಕೆ ಸದಸ್ಯರಿಗೂ ಪಾಲಿದೆ ಅಂತ ಆಗಲ್ಲ. ಅದಕ್ಕೆ ‘ಪಾಲಿದೆ’ ಅಂತ ಬರೆಯಲಿಲ್ಲ, ‘ಇದೆಯೇ ಎಂದು ವಿಚಾರಣೆ ಮಾಡಿ’ ಅಂತ ಬರೆದೆ. ನನ್ನ ಪ್ರತಿ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಬೀಳುವ ತನಕ ಟಪಾಲು ಟೇಬಲ್ ಬಿಟ್ಟು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಜಮಾಬಂದಿ ಬಂತು. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡುವ ಸಭೆ ಇದು. ತಾಲ್ಲೂಕಿನಿಂದ ಅಧಿಕಾರಿ ಬಂದು ಕಡತ, ಕಾಮಗಾರಿ ಎರಡನ್ನೂ ನೋಡಬೇಕು. ಬಹಳ ಊರುಗಳಲ್ಲಿ ಇದು ಟೀ, ಬಿಸ್ಕತ್ತಿನಲ್ಲೇ ಮುಗಿಯುತ್ತದೆ. ನಮ್ಮಲ್ಲೂ ಹಾಗೇ ಆಗುತ್ತಿತ್ತು. ನಾನು ಎದ್ದು ಎಂಬಿ ಪುಟ ಅಧಿಕಾರಿ ಕೈಗೆ ಕೊಟ್ಟೆ. ‘ಸರ್, ಇಲ್ಲಿ 84 ಇದೆ. ಇಲ್ಲಿಂದ ಇನ್ನೂರು ಹೆಜ್ಜೆ. ಹೋಗಿ ಅಳೆಯೋಣ್ವಾ?’

ಯಾರೂ ಮಾತಾಡಲಿಲ್ಲ. ಸದಸ್ಯರು ಮಾತ್ರ, ‘ಬಿಸಿಲು ಜಾಸ್ತಿ ಐತೆ, ಸಂಜೆ ನೋಡಣ’ ಅಂದರು. ಹಿಂದಿನಿಂದ ಒಂದು ಅಜ್ಜಿ, ‘ಕೊಚ್ಚೆ ತುಳ್ಕೊಂಡು ಗುಡಿಗೋಗೋರು ನಾವು, ನಿಮಗೇನಪ್ಪ ಬಿಸಿಲು’ ಅಂದುಬಿಟ್ಟಿತು. ಎಲ್ಲರೂ ಎದ್ದರು. ಎಂಜಿನಿಯರ್ ಟೇಪ್ ಹಿಡಿದರು, ವಾಟರ್‌ಮ್ಯಾನ್ ಇನ್ನೊಂದು ತುದಿ ಹಿಡಿದ. 61 ಮೀಟರ್ 40 ಸೆಂಟಿಮೀಟರ್. ಅಧಿಕಾರಿ ಅಲ್ಲೇ ಬರೆದುಕೊಂಡರು. ‘ಇದನ್ನ ವರದೀಲಿ ಸೇರಿಸಿ ಸರ್’ ಅಂತ ಕೇಳಿ, ಸೇರಿಸಿದ ಮೇಲೆ ಮನೆಗೆ ಬಂದೆ.

ಮನೆಯಲ್ಲಿ ದೊಡ್ಡಪ್ಪ ಎರಡು ವಾರ ಮಾತು ಬಿಟ್ಟರು. ಊರ ಮಾನ ತೆಗೆದೆ ಅಂತ. ದೂರಿಗೆ ಎಷ್ಟು ಖರ್ಚಾಯಿತು ಅಂತ ಕೇಳುವವರಿಗೆ ನಾನು ಇದನ್ನೂ ಸೇರಿಸಿ ಹೇಳುತ್ತೇನೆ.

ಏನೂ ಆಗದಿದ್ದರೆ ಇರಲಿ ಅಂತ ಲೋಕಾಯುಕ್ತದ ಫಾರಂ 1, ಫಾರಂ 2 ತುಂಬಿಸಿ ಇಟ್ಟುಕೊಂಡಿದ್ದೆ. ಫಾರಂ 2 ಅಂದರೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್. ಸುಳ್ಳು ದೂರು ಕೊಟ್ಟರೆ ನಮಗೇ ಶಿಕ್ಷೆ ಉಂಟು. ಹಾಗಾಗಿ ಅಳೆಯದೆ ಅದಕ್ಕೆ ಸಹಿ ಹಾಕಬಾರದು. ಆ ಮಟ್ಟಕ್ಕೆ ಹೋಗುವ ಪ್ರಸಂಗ ಬರಲಿಲ್ಲ. ಮಾಡದ ಕೆಲಸದ ದುಡ್ಡು ಪಂಚಾಯತಿ ಖಾತೆಗೆ ವಾಪಸ್ ಕಟ್ಟಿಸಲು ಇಒ ಆದೇಶ ಮಾಡಿದರು, ಕಟ್ಟಿಸಿದರು. 43ಎ ದೂರು ಇನ್ನೂ ‘ವಿಚಾರಣೆಯಲ್ಲಿದೆ’. ಸದಸ್ಯರು ಸದಸ್ಯರಾಗಿಯೇ ಇದ್ದಾರೆ, ಆಧಾರ್ ಜೆರಾಕ್ಸ್‌ಗೆ ನನ್ನ ಅಂಗಡಿಗೇ ಬರುತ್ತಾರೆ.

ಹೋದ ತಿಂಗಳು ನಡಾವಳಿಯ ಒಂದು ಪುಟಕ್ಕೆ ಮತ್ತೆ ಅರ್ಜಿ ಹಾಕಿದ್ದೆ. ಭಾಮೈದನದೇ ಇನ್ನೊಂದು ಬಿಲ್ ಬಂದಿತ್ತು. ಅಲ್ಲಿ ಒಂದು ಸಾಲು: ‘ಸದರಿ ವಿಷಯದ ಚರ್ಚೆ ವೇಳೆ ಸದಸ್ಯರು ಸಭೆಯಿಂದ ಹೊರಗಿದ್ದರು.’ ಈ ಸಲ ಹತ್ತೇ ದಿನಕ್ಕೆ ಕೊಟ್ಟರು. ಪುಟಕ್ಕೆ 2 ರೂಪಾಯಿ ತಗೊಂಡರು, ನನ್ನ ಅಂಗಡಿ ರೇಟೇ.